ಸೈಕಲ್ ಹೋಯ್ತು, ಸರ್ವೇಯರ್ 6,200 ಅಂತಾರೆ. ಹಳೇ ಸೈಕಲ್‌ಗೆ ಬೆಲೆ ಕಟ್ಟೋದು ಹೇಗೆ?

ಒಂಟಿಚಕ್ರ_ಮಲ್ಲೇಶ್ವರಂ (ಸೋಮವಾರ, ರಾತ್ರಿ 11:40)
ತಲೆ ಕೆಟ್ಟು ಬರೀತಾ ಇದೀನಿ, ತಪ್ಪಿದ್ರೆ ಕ್ಷಮಿಸಿ. ಹೋದ ವಾರ ನನ್ನ ಸೈಕಲ್ ಹೋಯ್ತು. ಸರ್ಲಿ ಲಾಂಗ್ ಹಾಲ್ ಟ್ರಕ್ಕರ್, ಲಗೇಜ್ ಕಟ್ಕೊಂಡು ದೂರ ಹೋಗೋ ಟೂರಿಂಗ್ ಸೈಕಲ್, ಎಂಥದ್ದು ಅಂತ ಇಲ್ಲಿರೋರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ಶೂರೆನ್ಸ್ ಇತ್ತು, ಕ್ಲೇಮ್ ಹಾಕಿದೆ. ನಷ್ಟ ಅಳೆಯೋಕೆ ಕಂಪನಿ ಕಡೆಯಿಂದ ಸರ್ವೇಯರ್ ಬಂದ್ರು, ಹತ್ತು ನಿಮಿಷ ನೋಡಿದ್ರು, ಅಮ್ಮ ಕೊಟ್ಟ ಕಾಫಿ ಕುಡಿದು "ತುಂಬಾ ಹಳೇದಲ್ವಾ ಸಾರ್" ಅಂದು ಹೋದ್ರು. ಇವತ್ತು ಮೇಲ್ ಬಂದಿದೆ: 6,200 ರೂಪಾಯಿ. ನನ್ನ ಟೈರ್ ಜೋಡಿಗೇ ಹತ್ತಿರ ಹತ್ತಿರ ಅಷ್ಟಾಗತ್ತೆ!

ನನ್ನ ಲೆಕ್ಕದಲ್ಲಿ 90 ಸಾವಿರಕ್ಕೆ ಕಮ್ಮಿ ಇಲ್ಲ. ಇದನ್ನ ಸಾಧಿಸೋದು ಹೇಗೆ? ಯಾವ ದಾಖಲೆ ಕೊಟ್ರೆ ಒಪ್ತಾರೆ? ಬೇಗ ಹೇಳಿ, ಏಳು ದಿನದಲ್ಲಿ ಉತ್ತರ ಕೊಡಬೇಕಂತೆ.

ಶನಿವಾರ_ನಂದಿ (ಮಂಗಳವಾರ, ಬೆಳಿಗ್ಗೆ 6:15)
ಛೆ, ಬೇಜಾರಾಯ್ತು ಗುರು. ಮೊದಲ ಪ್ರಶ್ನೆ: ಎಫ್‌ಐಆರ್ ಆಗಿದೆಯಾ? ಬಹಳ ಜನ ಮೊಬೈಲ್‌ನಲ್ಲಿ ಪೊಲೀಸರ ಇ-ಲಾಸ್ಟ್ ಆಪ್‌ನಲ್ಲಿ ದೂರು ಹಾಕಿ ಅದರ ಪ್ರಿಂಟ್ ತಗೊಂಡು ಹೋಗ್ತಾರೆ. ಅದು ಕಳೆದುಹೋದ ವಸ್ತುವಿಗೆ, ಕಳುವಾದದ್ದಕ್ಕಲ್ಲ. ಮನೆ ಒಳಗಿಂದ ಹೋಗಿದ್ರೆ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್ 305, ರಸ್ತೇಲಿ ನಿಲ್ಲಿಸಿದ್ರೆ 303. ಎಫ್‌ಐಆರ್‌ನಲ್ಲಿ ಬೆಲೆ ಎಷ್ಟು ಬರೆಸಿದ್ರಿ ಅನ್ನೋದೇ ಎಲ್ಲಕ್ಕೂ ಬುಡ. ಅಲ್ಲಿ ಕಮ್ಮಿ ಬರೆಸಿದ್ರೆ ಮುಗೀತು.

ಅಜ್ಜನ_ರ‍್ಯಾಲಿ
ಸಂಡೆ ಬಜಾರ್‌ನಲ್ಲಿ ಒಂದು ಸುತ್ತು ಹೊಡೆದ್ರಾ? ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಬೆಳಿಗ್ಗೆ ಏಳಕ್ಕೇ ಹೋಗಬೇಕು. ಸರ್ಲಿ ಅಂತ ಗೊತ್ತಿಲ್ಲದೆ ಎರಡು ಸಾವಿರಕ್ಕೆ ಮಾರ್ತಾ ಕೂತಿರ್ತಾರೆ.

ಅಂದಹಾಗೆ ಹಳೇ ಸೈಕಲ್ ಅಂದ್ರೆ ನನ್ನ ಹತ್ರ ಇರೋದು. ತಾತ ಬಿನ್ನಿ ಮಿಲ್‌ಗೆ ಹೋಗ್ತಿದ್ದ ರ‍್ಯಾಲಿ. ರಾಡ್ ಬ್ರೇಕ್, 28 ಇಂಚಿನ ಚಕ್ರ, ಡೈನಮೊ ಇವತ್ತಿಗೂ ಉರಿಯತ್ತೆ. ಒಬ್ರು 40 ಸಾವಿರ ಕೊಡ್ತೀನಿ ಅಂದ್ರು, ಕೊಡಲಿಲ್ಲ.

ತುರಹಳ್ಳಿ_ಧೂಳು
ಸ್ಯಾಡಲ್ ಬ್ರೂಕ್ಸ್ ಕಂಪನಿಯ ಚರ್ಮದ್ದು ಇತ್ತಾ? ಬಿ17? ಸುಮ್ನೆ ಕೇಳ್ದೆ.

ಶನಿವಾರ_ನಂದಿ
@ತುರಹಳ್ಳಿ_ಧೂಳು ಮನುಷ್ಯ ಸೈಕಲ್ ಕಳ್ಕೊಂಡಿದಾನೆ, ನಿನಗೆ ಸ್ಯಾಡಲ್ ಚಿಂತೆ.

ಮುಂದಿನ ಹೆಜ್ಜೆ: ಪತ್ತೆ ಆಗಲಿಲ್ಲ ಅಂದ್ರೆ ಪೊಲೀಸರು ಸಿ ರಿಪೋರ್ಟ್ ಹಾಕ್ತಾರೆ. ಅದರ ಪ್ರತಿ ಬರೋವರೆಗೂ ಕಂಪನಿಯವರು ಸಾಮಾನ್ಯವಾಗಿ ಕೊನೇ ಮೊತ್ತ ಇತ್ಯರ್ಥ ಮಾಡಲ್ಲ. ಹಾಗಾಗಿ 6,200 ಅನ್ನೋದು ಬರೀ ಬೆದರಿಕೆ. ಠಾಣೆಗೆ ಹೋಗಿ, ಹೇಳಿಕೆಗೆ ಬೆಲೆ ಸೇರಿಸಿ ಅಂತ ಅರ್ಜಿ ಕೊಡಿ. ನನ್ನ ಭಾವಮೈದುನನ ಬೈಕ್ ವಿಷಯದಲ್ಲಿ ಹೀಗೇ ಆಗಿದ್ದು.

ಧಾರವಾಡ_ಪೇಡಲ್
ಅಲ್ರೀ, ಒಂದ್ ಮಾತು. ಸೈಕಲ್ ಕಳುವಾಗಿದ್ರ ಸರ್ವೇಯರ್ ಹತ್ತು ನಿಮಿಷ ಏನ್ ನೋಡಿದ್ರು? ಖಾಲಿ ಗ್ವಾಡಿನ?

ಒಂಟಿಚಕ್ರ_ಮಲ್ಲೇಶ್ವರಂ (ಮಂಗಳವಾರ, ಮಧ್ಯಾಹ್ನ)
ಅಯ್ಯೋ, ಕಳ್ಳತನ ಅಂತ ಯಾರು ಹೇಳಿದ್ರು? ಹೋದ ವಾರ ಗಾಳಿಮಳೆ ಬಂತಲ್ಲ, ಕಾಂಪೌಂಡ್ ಪಕ್ಕದ ಗುಲ್‌ಮೊಹರ್ ಕೊಂಬೆ ಮುರಿದು ಸೈಕಲ್ ಮೇಲೇ ಬಿತ್ತು. ಫ್ರೇಮಿನ ಮೇಲಿನ ಕೊಳವೆ (ಟಾಪ್ ಟ್ಯೂಬ್) ಮಡಚಿಕೊಂಡಿದೆ, ಫೋರ್ಕ್ ತಿರುಚಿದೆ, ಮುಂದಿನ ಚಕ್ರ ಹಪ್ಪಳ. ಹೋಯ್ತು ಅಂದ್ರೆ ಹೋಯ್ತು!

ಶನಿವಾರ_ನಂದಿ
"ಹೋಯ್ತು" ಅಂದ್ರೆ ಕಳುವಾಯ್ತು ಅಂತಾನೇ ಯಾರಾದ್ರೂ ತಿಳ್ಕೊಳ್ಳೋದು. ಹಾಳಾಗಿದ್ರೆ "ಹಾಳಾಯ್ತು" ಅನ್ನಬೇಕು.

ಧಾರವಾಡ_ಪೇಡಲ್
ಕರೆಂಟ್ ಹೋಯ್ತು ಅಂದ್ರ ಯಾರರ ಕದ್ದಾರೇನ್ರಿ?

ಶನಿವಾರ_ನಂದಿ
ಕರೆಂಟ್‌ಗೂ ಸೈಕಲ್‌ಗೂ ವ್ಯತ್ಯಾಸ ಇದೆ ಸಾರ್. ಆದ್ರೂ ಕೊಂಬೆ ಬಿದ್ದದ್ದಕ್ಕೆ ಠಾಣೆಯಲ್ಲಿ ಸಣ್ಣ ದೂರುಗಳಿಗೆ ಕೊಡೋ ಒಂದು ಎನ್‌ಸಿಆರ್ ಇದ್ರೆ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಕುಡ್ಲ_ಟು_ಕೆಂಗೇರಿ
ಸ್ಟೀಲ್ ಫ್ರೇಮ್ ಅಲ್ವಾ ಮಾರಾಯ್ರೆ? ಬೆಂಡ್ ತೆಗೆಸಿದ್ರೆ ಆಯ್ತು. ಅಲ್ಯೂಮಿನಿಯಂ ಆದ್ರೆ ಕಷ್ಟ, ಸ್ಟೀಲ್‌ಗೆ ಏನು ಹೆದರಿಕೆ ಉಂಟು? ನಾನು ಹಿಂದಿನ ಚಕ್ರ ಕೂರೋ ಡ್ರಾಪ್‌ಔಟ್ ಬಗ್ಗಿದ್ದನ್ನ ಎರಡು ಸಲ ಸರಿ ಮಾಡಿಸಿದ್ದೇನೆ.

ಸ್ಪೋಕ್_ಮೇಸ್ತ್ರಿ
ಡ್ರಾಪ್‌ಔಟ್ ಬೇರೆ, ಟ್ಯೂಬ್ ಬೇರೆ. ಸರ್ಲಿಯದು 4130 ಕ್ರೋಮೊಲಿ ಸ್ಟೀಲು, ಬಟೆಡ್ ಟ್ಯೂಬ್. ತುದಿಯಲ್ಲಿ ದಪ್ಪ, ನಡುವೆ ತೆಳು. ನಡುವೆ ಮಡಚಿ ಸುಕ್ಕು ಬಿದ್ದ ಮೇಲೆ ನೆಟ್ಟಗೆ ಮಾಡಿದ್ರೂ ಅದೇ ಜಾಗದಲ್ಲಿ ಬಿರುಕು ಬಿಡತ್ತೆ. ಟ್ಯೂಬ್ ಕತ್ತರಿಸಿ ಹೊಸದು ಬ್ರೇಜ್ ಮಾಡೋ (ಲೋಹ ಕರಗಿಸಿ ಬೆಸೆಯೋ) ಕೈ ಬೇಕು, ಆ ಖರ್ಚಿಗೆ ಇನ್ನೊಂದು ಫ್ರೇಮ್ ಬರತ್ತೆ. ಇದನ್ನೇ ಒಂದು ಅಂಗಡಿಯವರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ, ಫೋಟೋ ಸಮೇತ. ಇಲ್ಲದಿದ್ರೆ ಸರ್ವೇಯರ್ ಕೂಡ ಕುಡ್ಲದವರ ಹಾಗೇ "ಬೆಂಡ್ ತೆಗೆಸಿ" ಅಂದುಬಿಡ್ತಾರೆ.

ಸೈಕಲ್ ಯಾವ ವರ್ಷದ್ದು? ಬಿಲ್ ಇದೆಯಾ?

ಒಂಟಿಚಕ್ರ_ಮಲ್ಲೇಶ್ವರಂ
ಬಿಲ್ ಇಲ್ಲ. 2016ರಲ್ಲಿ ಊರು ಬಿಟ್ಟು ಹೋಗ್ತಿದ್ದ ಒಬ್ಬರಿಂದ 38 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಬ್ಯಾಂಕ್ ಟ್ರಾನ್ಸ್‌ಫರ್ ದಾಖಲೆ, ಮೆಸೇಜು ಇದೆ. ಅವರು ಮೂರು ವರ್ಷ ಓಡಿಸಿದ್ದು ಅಂದಿದ್ರು, ಅಂದ್ರೆ 2013. ಆದ್ರೆ ಗೇರ್ ಹಿಂದೆ ಜೆಸಿ ಅಂತ ಎರಡಕ್ಷರ ಇದೆ. ಸರ್ವೇಯರ್ ಅದನ್ನ ಇಂಟರ್ನೆಟ್‌ನಲ್ಲಿ ಹುಡುಕಿ 1985ರ ಮಾಲು ಅಂತ ಬರೆದಿದಾರೆ!

ಸ್ಪೋಕ್_ಮೇಸ್ತ್ರಿ
ಇದು ಬಿಡಿಸೋಕೆ ಸುಲಭ. ಗೇರ್ ತಯಾರಿಸೋ ಶಿಮಾನೊ ಕಂಪನಿಯ ಕೋಡ್‌ನಲ್ಲಿ ಮೊದಲ ಅಕ್ಷರ ವರ್ಷ, ಎರಡನೇದು ತಿಂಗಳು. ಎ ಅಂದ್ರೆ 1976, ಅಲ್ಲಿಂದ ಜೆಡ್‌ಗೆ 2001, ಮತ್ತೆ 2002ಕ್ಕೆ ಎ ಇಂದ ಶುರು. ಜೆ ಅಂದ್ರೆ 1985 ಇರಬಹುದು, 2011 ಕೂಡ ಇರಬಹುದು. ಸಿ ಅಂದ್ರೆ ಮಾರ್ಚ್. ಹಿಂದೆ ಎಷ್ಟು ಹಲ್ಲುಚಕ್ರ?

ಒಂಟಿಚಕ್ರ_ಮಲ್ಲೇಶ್ವರಂ
ಒಂಬತ್ತು.

ಸ್ಪೋಕ್_ಮೇಸ್ತ್ರಿ
ಮುಗೀತಲ್ಲ. 9 ಸ್ಪೀಡ್ ಬಂದದ್ದೇ ತೊಂಬತ್ತರ ದಶಕದ ಎರಡನೇ ಅರ್ಧದಲ್ಲಿ. ಮಾರ್ಚ್ 2011ರ ಡಿರೇಲರ್ (ಗೇರ್ ಬದಲಿಸೋ ಭಾಗ) ಅದು. ಫ್ರೇಮ್ ಅದೇ ಕಾಲದ್ದೇ ಇರಬೇಕು ಅಂತೇನಿಲ್ಲ, ಆದ್ರೆ 1985 ಅಂತೂ ಅಲ್ಲ. ಒಂದೇ ಸಾಲಿನಲ್ಲಿ ಬರೆದು ಕಳಿಸಿ.

ಅಜ್ಜನ_ರ‍್ಯಾಲಿ
ಜೆಸಿ ಅಂದ ತಕ್ಷಣ ಜೆ.ಸಿ. ರಸ್ತೆಯಲ್ಲಿ ತಂದ ಪಾರ್ಟು ಅಂದ್ಕೊಂಡೆ 😀

ನನ್ನ ರ‍್ಯಾಲಿಯ ಹಬ್ ಮೇಲೂ ಅಂಕಿ ಇದೆ. ಮೂರು ಗೇರ್ ಹಬ್‌ನದು. ಫೋಟೋ ಹಾಕಲಾ?

ಧಾರವಾಡ_ಪೇಡಲ್
ಬ್ಯಾಡ್ರಿ.

ಲೆಕ್ಕದ_ಮೇಷ್ಟ್ರು (ಬುಧವಾರ, ಬೆಳಿಗ್ಗೆ)
ಎಲ್ಲ ಓದಿದೆ. ಎಫ್‌ಐಆರ್, ಸ್ಟೀಲು, ಜೆಸಿ ಎಲ್ಲ ಸರಿ. ಯಾವ ಪಾಲಿಸಿ, ಅದರಲ್ಲಿ ಸೈಕಲ್‌ಗೆ ಎಷ್ಟು ಮೊತ್ತ ಬರೆದಿದೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ, ನೀವೂ ಹೇಳಲಿಲ್ಲ. 90 ಸಾವಿರ ಅಂತ ಸಾಧಿಸಿ ಏನು ಪ್ರಯೋಜನ, ಪಾಲಿಸಿಯಲ್ಲಿ 20 ಇದ್ರೆ?

ಇನ್ನೊಂದು: ಮುರಿದ ಸೈಕಲ್ ಈಗ ಎಲ್ಲಿದೆ? ದಯವಿಟ್ಟು ಗುಜರಿಯವನಿಗೆ ಕೊಟ್ಟೆ ಅನ್ನಬೇಡಿ.

ಒಂಟಿಚಕ್ರ_ಮಲ್ಲೇಶ್ವರಂ
ಅಪ್ಪನ ಮನೆ, ಮನೆಸಾಮಾನಿನ ಹಳೇ ಹೌಸ್‌ಹೋಲ್ಡರ್ ಪಾಲಿಸಿ ಸಾರ್, ವರ್ಷಾವರ್ಷ ರಿನ್ಯೂ ಮಾಡ್ಕೊಂಡು ಬಂದಿದಾರೆ. ಅದರಲ್ಲಿ ಪೆಡಲ್ ಸೈಕಲ್ ಅಂತಲೇ ಒಂದು ಸೆಕ್ಷನ್ ಇದೆ. ಮೊತ್ತ 40,000. ನಾನು 38ಕ್ಕೆ ತಗೊಂಡಿದ್ದೆ ಅಂತ ಅಪ್ಪ ಅಷ್ಟು ಬರೆಸಿದ್ದು, ಆಮೇಲೆ ಯಾರೂ ಮುಟ್ಟಿಲ್ಲ.

ಫ್ರೇಮ್, ಫೋರ್ಕ್, ಮುಂದಿನ ಚಕ್ರ, ಹ್ಯಾಂಡಲ್ ಮನೆಯಲ್ಲೇ ಇದೆ. ಸರ್ವೇ ಆದ ಮೇಲೆ ಕ್ರ್ಯಾಂಕು, ಗೇರು, ಹಿಂದಿನ ಚಕ್ರ, ಸ್ಯಾಡಲ್ ಬಿಚ್ಚಿ ತಮ್ಮನ ಸೈಕಲ್‌ಗೆ ಹಾಕಿದೀನಿ, ಅವಕ್ಕೇನೂ ಆಗಿಲ್ಲ. ಹಿಂದಿನ ಚಕ್ರ ಹೋದ ವರ್ಷ ಕಟ್ಟಿಸಿದ್ದು, ಬಿಲ್ ಇದೆ. ಬ್ರೂಕ್ಸ್ ಬಿಲ್ಲೂ ಇದೆ. ರ‍್ಯಾಕ್, ಪ್ಯಾನಿಯರ್ ಬ್ಯಾಗ್, ಲೈಟ್ ಎಲ್ಲದರ ಬಿಲ್ ಸೇರಿಸಿ 90 ಸಾವಿರ ಅಂದದ್ದು.

ತುರಹಳ್ಳಿ_ಧೂಳು
ಬ್ರೂಕ್ಸ್ ಇದೆ ಹಾಗಾದ್ರೆ.

ಲೆಕ್ಕದ_ಮೇಷ್ಟ್ರು
ಇದನ್ನ ಮೊದಲೇ ಹೇಳಿದ್ರೆ ಎರಡು ದಿನ ಉಳೀತಿತ್ತು. ಸರ್ವೇ ರಿಪೋರ್ಟ್‌ನ ಪ್ರತಿ ಕೇಳಿ ತರಿಸಿ, 6,200 ಹೇಗೆ ಬಂತು ನೋಡಿ. ನನ್ನ ಊಹೆ: ನೀವು ಕೊಟ್ಟ 38,000ಕ್ಕೆ 80% ಸವಕಳಿ, ಉಳಿದದ್ದು 7,600. ಅದರಲ್ಲಿ ಎಕ್ಸೆಸ್ಸು (ನಾವೇ ಭರಿಸಬೇಕಾದ ಪಾಲು), ಗುಜರಿ ಬೆಲೆ ಕಳೆದಿದಾರೆ.

ಇಲ್ಲಿ ಅವರ ತಪ್ಪು ಒಂದಿದೆ. ಸವಕಳಿ ಕಳೆಯಬೇಕಾದ್ದು 2016ರಲ್ಲಿ ನೀವು ಕೊಟ್ಟ ದುಡ್ಡಿನಿಂದ ಅಲ್ಲ, ಅದೇ ತರಹದ್ದು ಇವತ್ತು ಹೊಸದಾಗಿ ತಂದರೆ ಎಷ್ಟು ಅನ್ನೋದರಿಂದ. ಲಾಂಗ್ ಹಾಲ್ ಟ್ರಕ್ಕರ್ ಈಗ ಬರ್ತಿಲ್ಲ, ಡಿಸ್ಕ್ ಟ್ರಕ್ಕರ್ ಇದೆ. ಅದರ ಫ್ರೇಮ್, ಫೋರ್ಕ್ ಸೇರಿದ ಫ್ರೇಮ್‌ಸೆಟ್‌ಗೆ ಕೊಟೇಶನ್ ತಗೊಳ್ಳಿ, ಡಿಸ್ಕ್ ಬ್ರೇಕಿನದು ಅಂತ ಅದರಲ್ಲೇ ಬರೆಸಿ. ಕೊಟೇಶನ್ ಹೊಸದೇ ಇರಲಿ. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಹಳೇದು ಕೊಟ್ರೆ ಅದನ್ನೇ ಹಿಡ್ಕೊಂಡು ಕೂರ್ತಾರೆ.

ಇನ್ನು ನಿಮ್ಮ ತಪ್ಪು. ಪಾಲಿಸಿಯಲ್ಲಿ ಆವರೇಜ್ ಅಂತ ಒಂದು ಷರತ್ತು ಇದೆಯಾ ನೋಡಿ. ಇದ್ರೆ, ವಸ್ತುವಿನ ಬೆಲೆಗಿಂತ ಕಮ್ಮಿ ಮೊತ್ತಕ್ಕೆ ವಿಮೆ ಮಾಡಿಸಿದ್ರೆ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಕೊಡ್ತಾರೆ. ಫ್ರೇಮ್, ಫೋರ್ಕ್, ಚಕ್ರ ಸೇರಿ 36,000 ನಷ್ಟ ಅಂತಿಟ್ಕೊಳ್ಳಿ. ಇಡೀ ಸೈಕಲ್ 90,000 ಅಂತ ನೀವೇ ಬರ್ಕೊಟ್ರೆ ಪಾಲಿಸಿಯ 40,000 ಅದರಲ್ಲಿ ಒಂಬತ್ತನೇ ನಾಲ್ಕು ಭಾಗ, ಹಾಗಾಗಿ ಸಿಗೋದು 36,000ದಲ್ಲೂ ಒಂಬತ್ತನೇ ನಾಲ್ಕು ಭಾಗ, ಅಂದ್ರೆ 16,000. ರ‍್ಯಾಕು, ಬ್ಯಾಗು, ಲೈಟು ಸೈಕಲ್ ಅಲ್ಲ, ಅವನ್ನ ತೆಗೆದು 72,000 ಅಂದ್ರೆ ಅದೇ ನಷ್ಟಕ್ಕೆ 20,000. ಉಳಿದಿರೋ ಸಾಮಾನಿನ ಬಿಲ್ ಹೊತ್ಕೊಂಡು ಹೋದಷ್ಟೂ ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೊಂಡ ಹಾಗೆ. ಬೆಲೆ ತೋರಿಸಬೇಕಾದ್ದು ಮುರಿದ ಫ್ರೇಮಿನದು.

ಕುಡ್ಲ_ಟು_ಕೆಂಗೇರಿ
ಅಂದ್ರೆ ಒಳ್ಳೇ ಸ್ಯಾಡಲ್ ಇದೆ ಅಂತ ಮುಚ್ಚಿಡಿ ಅಂತೀರಾ? ಇದು ಸರಿಯಾ?

ಲೆಕ್ಕದ_ಮೇಷ್ಟ್ರು
ಮುಚ್ಚಿಡಿ ಅಂತ ಎಲ್ಲಿ ಹೇಳಿದೆ? ಸ್ಯಾಡಲ್ ಸೈಕಲ್‌ನ ಭಾಗ, ಅವರ ಫೋಟೋದಲ್ಲೂ ಇದೆ, ಕೇಳಿದ್ರೆ ಹೇಳಲೇಬೇಕು. ಹೆಗಲಿಗೆ ಹಾಕೋ ಬ್ಯಾಗನ್ನ ಸೈಕಲ್ ಅಂತ ಲೆಕ್ಕ ಹಾಕಬೇಡಿ ಅಂದೆ, ಅಷ್ಟೇ.

ಕುಡ್ಲ_ಟು_ಕೆಂಗೇರಿ
ಪ್ಯಾನಿಯರ್ ಹೆಗಲಿಗೆ ಹಾಕೋದಲ್ಲ ಸಾರ್, ರ‍್ಯಾಕಿಗೆ ಹಾಕೋದು.

ಲೆಕ್ಕದ_ಮೇಷ್ಟ್ರು
ಸರಿ ಮಾರಾಯ್ರೆ.

ಒಂಟಿಚಕ್ರ_ಮಲ್ಲೇಶ್ವರಂ
ಪೂರ್ತಿ ಹಾಳು ಅಂತಲೇ ಕ್ಲೇಮ್ ಮಾಡಿದ್ರೆ 40,000 ಪೂರ್ತಿ ಬರಲ್ವಾ? ಸವಾರಿ ದಾಖಲಿಸೋ ಸ್ಟ್ರಾವಾ ಆಪ್‌ನಲ್ಲಿ 31,000 ಕಿಮೀ ದಾಖಲೆ ಇದೆ, 200 ಕಿಮೀ ಬ್ರೆವೆ (ಸಮಯದ ಮಿತಿಯೊಳಗೆ ಮುಗಿಸೋ ದೂರದ ಸವಾರಿ) ಮಾಡಿದ ಫೋಟೋಗಳಿವೆ. ಎಂಥ ಸೈಕಲ್ ಅಂತ ಗೊತ್ತಾಗತ್ತೆ.

ಸ್ಪೋಕ್_ಮೇಸ್ತ್ರಿ
ಫೋಟೋ ಕೊಡಿ, ಸ್ಟ್ರಾವಾ ಕೊಡಬೇಡಿ ಪುಣ್ಯಾತ್ಮ. 31,000 ಕಿಮೀ ಅಂದ್ರೆ "ಎಷ್ಟು ಸವೆದಿದೆ ನೋಡಿ" ಅಂತ ನೀವೇ ಅವರ ಕೈಗೆ ಬರ್ಕೊಟ್ಟ ಹಾಗೆ.

ಲೆಕ್ಕದ_ಮೇಷ್ಟ್ರು
ಪೂರ್ತಿ ನಷ್ಟ ಅಂದ್ರೆ ಉಳಿದ ಸಾಮಾನೂ ಅವರ ಲೆಕ್ಕಕ್ಕೆ ಹೋಗತ್ತೆ. ತಮ್ಮನ ಸೈಕಲ್‌ನಿಂದ ಎಲ್ಲ ಬಿಚ್ಚಿ ಕೊಡ್ತೀರಾ? ಇಲ್ಲಾಂದ್ರೆ ಅಷ್ಟನ್ನ ಕಳೀತಾರೆ. ಬಿಚ್ಚಿದ್ದನ್ನ ನೀವಾಗೇ ಅವರಿಗೆ ಹೇಳಿ, ಭಾಗಶಃ ನಷ್ಟ ಅಂತ ತಿದ್ದಿ ಕೊಡಿ. ಒಪ್ಪದಿದ್ರೆ ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳು ಕಾಯಿರಿ, ಆಮೇಲೆ ಜೆ.ಪಿ. ನಗರದ ಜೀವನ್ ಸೌಧದಲ್ಲಿ ಇಂಥ ದೂರು ಕೇಳೋ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ.

ಶನಿವಾರ_ನಂದಿ
ಎನ್‌ಸಿಆರ್ ಒಂದು ಇದ್ದಿದ್ರೆ ಇಷ್ಟೆಲ್ಲ ಬೇಕಿರಲಿಲ್ಲ.

ಅಜ್ಜನ_ರ‍್ಯಾಲಿ (ಎಂಟು ದಿನದ ನಂತರ)
ಏನಾಯ್ತು? ಈ ಮಧ್ಯೆ ನಾನು ರ‍್ಯಾಲಿಗೆ ಹೊಸ ಚೈನ್ ಕವರ್ ಮಾಡಿಸಿದೆ, ತಗಡು 22 ಗೇಜ್.

ಒಂಟಿಚಕ್ರ_ಮಲ್ಲೇಶ್ವರಂ (ಮತ್ತೆ ಹನ್ನೆರಡು ದಿನಕ್ಕೆ)
ತಡವಾಯ್ತು, ಅಪ್ಪ ಆಸ್ಪತ್ರೆಯಲ್ಲಿದ್ರು, ಈಗ ಆರಾಮ. ಮೇಷ್ಟ್ರ ಊಹೆ ಸರಿ: 7,600ರಲ್ಲಿ ಎಕ್ಸೆಸ್ 500, ಗುಜರಿ 900 ಕಳೆದಿದ್ರು. ಹೊಸ ಕೊಟೇಶನ್‌ನಲ್ಲಿ ಫ್ರೇಮ್‌ಸೆಟ್ 58,000 ಬಂತು. ಸರ್ವೇಯರ್ ಇನ್ನೊಂದು ಸಲ ಬಂದ್ರು, ಈ ಸಲ ಕೂತು ಮಾತಾಡಿದ್ರು, ಮನುಷ್ಯ ಕೆಟ್ಟವರಲ್ಲ. 1985 ಅಂದದ್ದಕ್ಕೆ ಅವರೇ ನಕ್ಕರು. ಫ್ರೇಮ್‌ಗೆ 60% ಸವಕಳಿ ಹಿಡಿದು 23,200, ಚಕ್ರ ಮತ್ತು ಹ್ಯಾಂಡಲ್‌ಗೆ 2,800, ಒಟ್ಟು ನಷ್ಟ 26,000. ಇಡೀ ಸೈಕಲ್ 52,000 ಅಂತ ಹಾಕಿದ್ರು. ಆವರೇಜ್ ಷರತ್ತು ಇತ್ತು, ಹಾಗಾಗಿ 20,000. ಎಕ್ಸೆಸ್ 500 ಹೋಯ್ತು, ಫ್ರೇಮ್ ನಾನೇ ಇಟ್ಕೋತೀನಿ ಅಂದಿದ್ದಕ್ಕೆ 700 ಹೋಯ್ತು (ಇಲ್ಲಿ ಹೋಯ್ತು ಅಂದ್ರೆ ಕಳೆದ್ರು). ಕೈಗೆ 18,800.

60% ಜಾಸ್ತಿ ಅಂತ ಈಗಲೂ ಅನ್ಸತ್ತೆ. ಓಂಬುಡ್ಸ್‌ಮನ್‌ವರೆಗೆ ಹೋಗೋ ಶಕ್ತಿ ಇಲ್ಲ, ಸಹಿ ಹಾಕಿದೆ. ಅಪ್ಪನ ಪಾಲಿಸಿ ಮುಂದಿನ ತಿಂಗಳು ರಿನ್ಯೂ, ತಮ್ಮನ ಸೈಕಲ್‌ಗೆ ಎಷ್ಟು ಬರೆಸಬೇಕು ಅಂತ ಬೇರೆ ಚರ್ಚೆ ಶುರು ಮಾಡ್ತೀನಿ.

ಸ್ಪೋಕ್_ಮೇಸ್ತ್ರಿ
ಫ್ರೇಮ್‌ನ ಏನ್ ಮಾಡ್ತೀರಾ?

ಒಂಟಿಚಕ್ರ_ಮಲ್ಲೇಶ್ವರಂ
ಗೋಡೆಗೆ ನೇತು ಹಾಕಿದೀನಿ. ಅಮ್ಮ ಅದರ ಮೇಲೆ ಒದ್ದೆ ಟವೆಲ್ ಹರಡ್ತಾರೆ.

ತುರಹಳ್ಳಿ_ಧೂಳು
ತಮ್ಮ ಬ್ರೂಕ್ಸ್ ಮೇಲೆ ಕೂರ್ತಾ ಇದಾನಾ? ಹೊಂದದಿದ್ರೆ ಮೆಸೇಜ್ ಮಾಡಿ, 3,500 ಕೊಡ್ತೀನಿ.