ಪದಚರ್ಚೆ: ಬೇಟೆಚೂರಿಯ ‘ಫುಲ್ ಟ್ಯಾಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ (ಮಂಗಳೂರು)

ಮಾನ್ಯರೇ,

ಹಂಪನಕಟ್ಟೆಯ ಅಂಗಡಿಯೊಂದಕ್ಕೆ, ಸಣ್ಣ ಬೇಟೆಚೂರಿಯ ಗುಣಮಟ್ಟವನ್ನು ಕೊಳ್ಳುವವರು ಹೇಗೆ ನೋಡಿ ತಿಳಿಯಬೇಕೆಂಬ ಕರಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಲೇಬೇಕು. ‘ಫಿಕ್ಸೆಡ್ ಬ್ಲೇಡ್’, ಅಂದರೆ ಮಡಚದ ಅಲಗು, ಎಂಬುದಕ್ಕೆ ‘ಸ್ಥಿರ ಅಲಗು’ ಎಂದು ಬರೆದು ತೋರಿಸಿದಾಗ, ಹಾಗಾದರೆ ಉಳಿದ ಚೂರಿಗಳ ಅಲಗು ಅಲುಗಾಡುತ್ತದೆಯೇ ಎಂದು ಅಂಗಡಿಯವರೇ ಕೇಳಿದರು. ಅಲಗಿನ ಉಕ್ಕು ಹಿಡಿಯೊಳಗೆ ಮುಂದುವರಿಯುವ ಭಾಗಕ್ಕೆ, ಅಂದರೆ ‘ಟ್ಯಾಂಗ್’ಗೆ, ಪದ ಸಿಗಲಿಲ್ಲ. ಅದು ಹಿಡಿಯ ಪೂರ್ತಿ ಉದ್ದಗಲಕ್ಕೂ ಇದ್ದರೆ ‘ಫುಲ್ ಟ್ಯಾಂಗ್’. ‘ಹಾರ್ಡ್‌ನೆಸ್’ ಮತ್ತು ‘ಟಫ್‌ನೆಸ್’ ಎರಡಕ್ಕೂ ‘ಗಟ್ಟಿತನ’ ಎಂದರೆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ದಯವಿಟ್ಟು ಬೇಗ ತಿಳಿಸಿ.

ಉತ್ತರ (ಮೈಸೂರು)

ಸ್ಥಿರಫಲ ಛುರಿಕೆ. ಪೂರ್ಣಪುಚ್ಛ. ಕಾಠಿಣ್ಯ ಮತ್ತು ದೃಢತೆ. ಶಾಸ್ತ್ರೀಯ ಪದಗಳಿರುವಾಗ ಈ ಚರ್ಚೆಯ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ (ಪುತ್ತೂರು)

ಪೂರ್ಣಪುಚ್ಛವನ್ನು ಓದಿದವರು ಅಂಗಡಿಯಲ್ಲಿ ಮಂಗನನ್ನು ಮಾರುತ್ತಾರೆಂದು ತಿಳಿದಾರು. ‘ಚೂರಿ’ಯೇ ಸಂಸ್ಕೃತದ ಕೂಸು, ‘ಚಾಕು’ ಪಾರಸಿಯವರ ಕೈಯಿಂದ ಬಂದದ್ದು. ನಮ್ಮದು ‘ಕತ್ತಿ’. ‘ಒರೆಗತ್ತಿ’ ಎಂದು ಹಾಕಿ, ಮುಗಿಯಿತು. ‘ಒರೆ’ ಎಂದರೆ ಉಜ್ಜುವುದು. ಕತ್ತಿ ಉಜ್ಜಿಕೊಂಡು ಒಳಹೋಗುವುದರಿಂದಲೇ ಅದನ್ನಿಡುವ ಚೀಲಕ್ಕೂ ಒರೆ ಎಂಬ ಹೆಸರಾಯಿತು. ಒರೆಗಲ್ಲೂ ಅದೇ.

ಉತ್ತರ (ಉಡುಪಿ)

ಮಾನ್ಯರೇ,

ಪುತ್ತೂರಿನ ಮಾಸ್ಟ್ರು ಪದವನ್ನು ಸರಿಯಾಗಿಯೇ ಹಿಡಿದಿದ್ದಾರೆ, ಆದರೆ ಕೊಟ್ಟ ಕಾರಣ ಶುದ್ಧ ತಪ್ಪು. ಹಳಗನ್ನಡದಲ್ಲಿ ಕತ್ತಿಯ ಕೋಶಕ್ಕಿದ್ದ ‘ಒಱೆ’ ಶಕಟರೇಫ ಎಂಬ ಹಳೆಯ ‘ಱ’ ಅಕ್ಷರದ್ದು, ಉಜ್ಜುವ ‘ಒರೆ’ ಸಾದಾ ‘ರ’ಕಾರದ್ದು. ತಮಿಳಿನಲ್ಲಿ ಇವತ್ತಿಗೂ ಎರಡು ಬೇರೆ ಅಕ್ಷರಗಳಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಶಕಟರೇಫ ಬಿದ್ದುಹೋದ ಮೇಲೆ ಒಂದೇ ರೂಪಕ್ಕೆ ಬಂದ ಎರಡು ಪದಗಳನ್ನು ಒಂದೇ ಬೇರಿಗೆ ಕಟ್ಟುವುದು ವ್ಯುತ್ಪತ್ತಿಯಲ್ಲ. 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆದು ನೋಡುವಷ್ಟು ವ್ಯವಧಾನ ಇರಬೇಕಿತ್ತು.

‘ಕತ್ತಿ’ ಮಾತ್ರ ಬೇಡ. ಅದು ದ್ರಾವಿಡವೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಕತ್ತಿ ಎಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವಂಥದ್ದು, ಮಡಲು ಕಡಿಯುವಂಥದ್ದು. ನಾಲ್ಕು ಇಂಚಿನ ಅಲಗನ್ನು ಕತ್ತಿ ಎಂದು ಬರೆದರೆ ಗಿರಾಕಿ ಬೇರೆಯದನ್ನೇ ಕಲ್ಪಿಸಿಕೊಂಡು ಬರುತ್ತಾನೆ. ಈ ಗಾತ್ರದ್ದಕ್ಕೆ ನಮ್ಮವರು ಹೇಳುವುದು ‘ಪೀಶಕತ್ತಿ’. ಕೊಡಗಿನಲ್ಲಿ ಒರೆಯೊಡನೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಇದೆ, ಮಲಯಾಳದಲ್ಲಿಯೂ ಹತ್ತಿರದ ರೂಪವಿದೆ. ಇದನ್ನು ಪಾರಸಿಯ ‘ಪೇಶ್‌ಕಬ್ಜ್’ ಎಂಬ ಕಠಾರಿಯ ಹೆಸರಿನಿಂದ ಎಳೆದು ತರುವವರು ನಮ್ಮ ನಡುವೆ ಇದ್ದಾರೆ. ಅವರು ಧ್ವನಿಸಾಮ್ಯವನ್ನು ಬಿಟ್ಟು ಬೇರೆ ಆಧಾರ ತಂದ ದಿನ ಕೇಳೋಣ. ಕರಪತ್ರದಲ್ಲಿ ಒಮ್ಮೆ ಪೀಶಕತ್ತಿ ಎಂದು ಹೇಳಿ, ಮುಂದೆ ‘ಚೂರಿ’ ಎಂದೇ ಬರೆಯಿರಿ. ಮಡಚುವುದು ಮಡಚುಚೂರಿ, ಮಡಚದ ಚೂರಿಯನ್ನು ಒರೆಯಿಲ್ಲದೆ ಒಯ್ಯಲಾಗದ ಕಾರಣ ಅದು ‘ಒರೆಚೂರಿ’. ಇದು ಇನ್ನೊಂದು ದೃಷ್ಟಿಯಿಂದಲೂ ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅಂಗಡಿಯ ಬಾಗಿಲಿಗೆ ‘ಬೇಟೆ’ ಎಂಬ ಹಲಗೆ ತೂಗುಹಾಕುವುದು ಜಾಣತನವಲ್ಲ. ಇಂಗ್ಲಿಷಿನಲ್ಲಿ ‘ಹಂಟಿಂಗ್ ನೈಫ್’ ಎಂಬುದು ಬಹುಮಟ್ಟಿಗೆ ಚೂರಿಯ ಆಕಾರದ ಹೆಸರಷ್ಟೆ.

ಇನ್ನು ‘ಟ್ಯಾಂಗ್’. ಇದಕ್ಕೆ ನಾಮಪದವೊಂದು ಬೇಕೇಬೇಕೆಂಬ ಹಟವನ್ನು ಅನುವಾದಕರು ಬಿಡಬೇಕು. ಕೊಳ್ಳುವವನಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಸಂಗತಿ. ಚೂರಿಯನ್ನು ಬೆನ್ನು ಮೇಲಾಗಿ ಹಿಡಿದು ಹಿಡಿಯ ಮೇಲ್ಭಾಗವನ್ನು ನೋಡಿದರೆ, ಮರದ ಎರಡು ಹೋಳುಗಳ ನಡುವೆ ಉಕ್ಕಿನ ಪಟ್ಟಿ ಹಿಡಿಯ ತುದಿಯವರೆಗೂ ಕಾಣಿಸಬೇಕು. ಹಾಗಾಗಿ ‘ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ಪಟ್ಟಿಯಾಗಿದೆ’ ಎಂದು ಬರೆಯಿರಿ. ಆ ಪಟ್ಟಿಯೂ ಮರವೂ ಕೂಡುವಲ್ಲಿ ಉಗುರನ್ನು ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಕೆಲಸ ಒರಟು ಎಂದರ್ಥ. ಸಂದಿಯೇ ಇದ್ದರೆ ನಮ್ಮ ಜೂನ್ ತಿಂಗಳ ಮಳೆ ಅದರೊಳಗೆ ಇಳಿಯುತ್ತದೆ, ಮರ ಉಬ್ಬುತ್ತದೆ, ರಿವೆಟ್ಟಿನ ಸುತ್ತ ಹೊರಗಿನಿಂದ ಕಾಣದಂತೆ ತುಕ್ಕು ಹಿಡಿಯುತ್ತದೆ.

ಇಲ್ಲಿ ನಿಮ್ಮ ಮೂಲ ಕರಪತ್ರದ ಮೇಲೆಯೇ ಒಂದು ಆಕ್ಷೇಪವಿದೆ. ಉಕ್ಕು ಹಿಡಿಯ ಪೂರ್ತಿ ಅಗಲಕ್ಕೆ ಇಲ್ಲದ ಚೂರಿ ಕಳಪೆ ಎಂದು ಅದು ಹೇಳುತ್ತಿದ್ದರೆ ಆ ಮಾತನ್ನು ಕನ್ನಡಕ್ಕೆ ತರಬೇಡಿ. ಫಿನ್‌ಲ್ಯಾಂಡಿನ ಪುಕ್ಕೊ, ಸ್ವೀಡನ್ನಿನ ಮೋರಾ ಚೂರಿಗಳಲ್ಲಿ ಸಾಮಾನ್ಯವಾಗಿ ಸಪೂರ ಬಾಲವೊಂದು ಹಿಡಿಯೊಳಗೆ ಅಡಗಿರುತ್ತದೆ, ಮತ್ತು ಅವುಗಳ ಹೆಸರು ಕೆಟ್ಟಿಲ್ಲ. ಚಳಿಯ ನಾಡಿನಲ್ಲಿ ಬರಿಗೈಗೆ ತಣ್ಣನೆಯ ಉಕ್ಕು ತಾಗದಿರುವುದೂ ಒಂದು ಅನುಕೂಲವೇ. ಬಾಲ ಸಪೂರವಾಗಿದ್ದರೆ ನೋಡಬೇಕಾದದ್ದು ಅಲಗಿನ ಬುಡ ಹಿಡಿಗೆ ಸೇರುವ ಜಾಗ: ಅಲ್ಲಿ ಸ್ವಲ್ಪವೂ ಅದುರಬಾರದು.

ನಿಮ್ಮ ಮೂರನೆಯ ತೊಡಕಿಗೆ ಆಚಾರಿಯ ಕುಲುಮೆಯಲ್ಲಿಯೇ ಉತ್ತರವಿದೆ. ಹಾರ್ಡ್‌ನೆಸ್ ಎಂದರೆ ‘ಗಡಸು’. ಗಡಸು ಅತಿಯಾದರೆ ‘ಪೆಡಸು’. ಆಗ ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಚಕ್ಕೆಯೇಳುತ್ತದೆ. ಗಡಸು ಸಾಲದಿದ್ದರೆ ಬಾಯಿ ಮಡಚಿಕೊಂಡು ಬೇಗ ಮೊಂಡಾಗುತ್ತದೆ. ಇವೆರಡರ ನಡುವಿನದು ‘ಹದ’. ಕೆಂಪಗೆ ಕಾಯಿಸಿ ಒಮ್ಮೆಗೇ ತಣಿಸಿದ ಉಕ್ಕನ್ನು ಮತ್ತೆ ಕಡಿಮೆ ಶಾಖದಲ್ಲಿ ಕಾಯಿಸುವುದು ಈ ಹದಕ್ಕಾಗಿಯೇ. ಆದ್ದರಿಂದ ಟಫ್‌ನೆಸ್‌ಗೆ ಪ್ರತ್ಯೇಕ ಪದ ಹುಡುಕದೆ ‘ಪೆಡಸಾಗದ ಗಡಸು’ ಎಂದರೆ ಸಾಕು. ಗಡಸನ್ನು ಅಳೆಯುವ ರಾಕ್‌ವೆಲ್ ಸಿ ಅಳತೆಯಲ್ಲಿ ಇಂಥ ಚೂರಿಗಳು ಸಾಮಾನ್ಯವಾಗಿ 56ರಿಂದ 60ರ ಆಸುಪಾಸಿನಲ್ಲಿರುತ್ತವೆ. ಆ ಅಂಕಿಯನ್ನು ಹಾಗೆಯೇ ಇಡಿ, ಆದರೆ ಅಂಕಿ ಹೆಚ್ಚಾದಷ್ಟೂ ಚೂರಿ ಒಳ್ಳೆಯದೆಂಬ ಅರ್ಥ ಬಾರದಂತೆ ಬರೆಯಿರಿ.

ಅಲಗಿನ ಬೆನ್ನಿನಿಂದ ಬಾಯಿಗೆ ಬರುವ ಇಳಿಜಾರಿಗೆ, ಅಂದರೆ ‘ಗ್ರೈಂಡ್’ಗೆ, ‘ಓರೆ’ ಎನ್ನಬಹುದು. ಎರಡೂ ಮಗ್ಗುಲಿನ ಓರೆ ಸಮವಾಗಿರಬೇಕು. ಮೊನೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ವ್ಯತ್ಯಾಸ ತಿಳಿದುಬಿಡುತ್ತದೆ. ಬಾಯಿಯನ್ನು ದೀಪದ ಬೆಳಕಿಗೆ ಮೇಲ್ಮುಖವಾಗಿ ಹಿಡಿದಾಗ ಬೆಳ್ಳಗೆ ಮಿನುಗುವ ಜಾಗವೇನಾದರೂ ಕಂಡರೆ ಅಲ್ಲಿ ಅದು ಮೊಂಡು. ಕರಡು ತಿದ್ದುವವರು ಈ ಓರೆಯ ದೀರ್ಘವನ್ನು ಕಾಯಬೇಕು; ಹ್ರಸ್ವವಾದರೆ ಚೂರಿಯ ಬದಲು ಚೀಲ ಸಮವಾಗಿರಬೇಕೆಂದಾಗುತ್ತದೆ.

ತೊಗಲಿನ ಒರೆಯ ಬಗ್ಗೆ ಮೂಲದಲ್ಲಿ ಇಲ್ಲದ ಒಂದು ವಾಕ್ಯವನ್ನು ಸೇರಿಸಿ. ತೊಗಲು ತೇವವನ್ನು ಹಿಡಿದಿಡುವುದರಿಂದ ನಮ್ಮ ಹವೆಯಲ್ಲಿ ಚೂರಿಯನ್ನು ತಿಂಗಳುಗಟ್ಟಲೆ ಒರೆಯಲ್ಲಿಯೇ ಇಡಬಾರದು. ತುಕ್ಕು ಹಿಡಿಯದ ಉಕ್ಕೆಂದು ಕರೆಸಿಕೊಳ್ಳಲು ಶೇಕಡಾ 10.5ರಷ್ಟಾದರೂ ಕ್ರೋಮಿಯಂ ಬೇಕು, ಆದರೂ ಉಪ್ಪುಗಾಳಿಗೆ ಅದು ಪೂರ್ತಿ ಜಗ್ಗದೆ ನಿಲ್ಲುವುದಿಲ್ಲ.

ಮರು ಉತ್ತರ (ಪುತ್ತೂರು)

ಶಕಟರೇಫದ ಪಾಠಕ್ಕೆ ವಂದನೆಗಳು. ಆದರೆ ರಿವೆಟ್, ರಾಕ್‌ವೆಲ್, ಕ್ರೋಮಿಯಂ ಎಂದು ಬರೆದವರು ಪೂರ್ಣಪುಚ್ಛವನ್ನು ಮಾತ್ರ ಏಕೆ ಅಟ್ಟಬೇಕು? ಎರವಲು ಎರವಲೇ.

ಮರು ಉತ್ತರ (ಉಡುಪಿ)

ಎರವಲೆಂಬುದು ಯಾವತ್ತೂ ಒಂದೇ ದಿಕ್ಕಿನದಲ್ಲ, ಮಾಸ್ಟ್ರೇ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಉಕ್ಕಿನ ಬಗ್ಗೆ ಬಂದ ಲೇಖನ ಅದನ್ನು ‘ವೂಟ್ಜ್’ ಎಂದು ಕರೆಯಿತು. ಅದು ನಮ್ಮ ‘ಉಕ್ಕು’ ಕೆಟ್ಟು ಆದ ರೂಪವೆಂಬುದು ಬಹುಮಂದಿ ವಿದ್ವಾಂಸರ ಮತ. ಅವರು ವಸ್ತುವಿನೊಡನೆ ಹೆಸರನ್ನೂ ಒಯ್ದರು, ನಾವು ರಿವೆಟ್ಟಿನೊಡನೆ ರಿವೆಟ್ ಎಂಬ ಹೆಸರನ್ನೂ ತಂದೆವು. ಪೂರ್ಣಪುಚ್ಛವಾದರೋ ಯಾವ ಕುಲುಮೆಯಲ್ಲಿಯೂ ಯಾವ ಅಂಗಡಿಯಲ್ಲಿಯೂ ಯಾರ ಬಾಯಿಯಲ್ಲಿಯೂ ಇದ್ದದ್ದಲ್ಲ. ನನ್ನ ಆಕ್ಷೇಪ ಇರುವುದು ಅದಕ್ಕೆ, ಅದರ ಸಂಸ್ಕೃತಕ್ಕಲ್ಲ.

ಕೇಳಿದವರಿಂದ (ಮಂಗಳೂರು)

ಎಲ್ಲರಿಗೂ ಕೃತಜ್ಞತೆಗಳು. ಒರೆಚೂರಿ, ಗಡಸು, ಪೆಡಸು, ಹದ, ಓರೆ ಇವಿಷ್ಟನ್ನೂ ತೆಗೆದುಕೊಂಡಿದ್ದೇನೆ. ಟ್ಯಾಂಗ್ ಇದ್ದಲ್ಲಿ ಈಗ ಹೀಗಿದೆ: ‘ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ಪಟ್ಟಿಯಾಗಿದೆಯೇ, ಇಲ್ಲವೇ ಸಪೂರ ಬಾಲವಾಗಿ ಒಳಗೆ ಹೋಗಿದೆಯೇ ಎಂದು ಅಂಗಡಿಯವರನ್ನು ಕೇಳಿರಿ, ಎರಡನೆಯದಾದರೆ ಅಲಗಿನ ಬುಡವನ್ನು ಅಲ್ಲಾಡಿಸಿ ನೋಡಿರಿ.’ ಅಂಗಡಿಯವರು ಇದನ್ನು ಒಪ್ಪಿದ್ದಾರೆ, ಆದರೆ ತಲೆಬರಹದಲ್ಲಿ ‘ಬೇಟೆ’ ಇರಲೇಬೇಕೆನ್ನುತ್ತಾರೆ.