ಅಪ್‌ಡೇಟ್: ನಮ್ಮ 20 ಹಾಸಿಗೆಯ ಆಸ್ಪತ್ರೆಯ ಎನ್‌ಎಬಿಎಚ್ ಅರ್ಜಿ

ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ನಮ್ಮ ಪುಟ್ಟ ಆಸ್ಪತ್ರೆಗೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಸಿಗುವುದುಂಟೇ ಎಂದು ಮಳೆಗಾಲಕ್ಕೆ ಮೊದಲು ಕೇಳಿದ್ದೆ. 50 ಹಾಸಿಗೆಯವರೆಗಿನ ಆಸ್ಪತ್ರೆಗಳಿಗಿರುವ ಪ್ರವೇಶ ಹಂತದ (ಎಂಟ್ರಿ ಲೆವೆಲ್) ಪ್ರಮಾಣಪತ್ರದಿಂದ ಶುರು ಮಾಡಿ ಎಂದವರ ಮಾತು ಕೇಳಿದೆವು, ಅರ್ಜಿ ಹೋಗಿದೆ.

ಕಟ್ಟಡದ ಚಿಂತೆಯಿತ್ತು, ಕಾಡಿದ್ದು ಮಾತ್ರ ದಾಖಲೆಗಳ ಬರವಣಿಗೆ. ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿಯಲ್ಲೇ ಇತ್ತು, ಆದರೆ ದಿನದಿನದ ತಾಪಮಾನ ಬರೆಯುವ ಪಟ್ಟಿಯಲ್ಲಿ ಭಾನುವಾರಗಳೆಲ್ಲ ಖಾಲಿ. ಗುಡುಗಿದರೆ ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ತಪ್ಪಲ್ಲ. ಈಗ ರಾತ್ರಿಪಾಳಿಯ ಸಿಸ್ಟರ್ ಪೆನ್ನಿಗೆ ದಾರ ಕಟ್ಟಿ ಫ್ರಿಜ್ ಬಾಗಿಲಿಗೇ ನೇತುಹಾಕಿದ್ದಾರೆ. (ಆ ಪೆನ್ನೂ ಎರಡು ಸಲ ಕಾಣೆಯಾಯಿತು!)

ಆಸ್ಪತ್ರೆಯ ತ್ಯಾಜ್ಯದ್ದು ಇನ್ನೂ ತಲೆನೋವು. 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಆಟಿ ತಿಂಗಳ ಜೋರು ಮಳೆಗೆ ತ್ಯಾಜ್ಯ ಒಯ್ಯುವ ಗಾಡಿ ತಡವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಾರಣ ಸಹಿತ ತಿಳಿಸುತ್ತೇವೆ. ಪರಿಶೀಲನೆಯ ದಿನಾಂಕ ಇನ್ನೂ ಬಂದಿಲ್ಲ.