ಅಪ್‌ಡೇಟ್: 33550336 ಪರಿಪೂರ್ಣ ಸಂಖ್ಯೆ ಹೌದು
33550336ರ ಅಪವರ್ತನಗಳನ್ನು, ಅದನ್ನೊಂದು ಬಿಟ್ಟು, ಕೂಡಿದರೆ ಅದೇ ಸಂಖ್ಯೆ ಬರುತ್ತದಾ, ಕಂಪ್ಯೂಟರ್ ಇಲ್ಲದೆ ತೋರಿಸಬಹುದಾ ಎಂದು ಕೇಳಿದ್ದೆ. ಬರುತ್ತದೆ, ತೋರಿಸಬಹುದು! ಸುಳಿವು ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು 4096 × 8191 ಎಂದು ಒಡೆದೆ. 8191 ಅವಿಭಾಜ್ಯವಾ ಅನ್ನುವುದೇ ತಲೆನೋವಾಗಿತ್ತು. ಆದರೆ ಅದು 2ರ 13ನೇ ಘಾತಕ್ಕೆ ಒಂದು ಕಡಿಮೆ. ಹಾಗಾಗಿ ಅದನ್ನು ಭಾಗಿಸುವ ಅವಿಭಾಜ್ಯವನ್ನು 26ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 90ರವರೆಗೆ ನೋಡಿದರೆ ಸಾಕು, ಅಲ್ವಾ? ಸಿಗುವುದು 53, 79 ಎರಡೇ. 8191ನ್ನು ಅವುಗಳಿಂದ ಭಾಗಿಸಿದರೆ ಶೇಷ 29 ಮತ್ತು 54. ಅಂದರೆ 8191 ಅವಿಭಾಜ್ಯವೇ, ಕೆಲಸ ಮುಗಿಯಿತು.

ಇನ್ನು ಕೂಡುವುದು ಸಲೀಸು. 1, 2, 4... 4096ರವರೆಗೆ ಕೂಡಿದರೆ 8191. ಉಳಿದವು 8191ರ 1, 2, 4... 2048 ಪಟ್ಟು, ಒಟ್ಟು 4095 ಪಟ್ಟು. ಎರಡೂ ಸೇರಿ 4096 × 8191.

ಸುಮ್ನೆ ಅಂಕಿಗಳನ್ನೂ ಕೂಡಿ ನೋಡಿದೆ: 28. ಅದೂ ಪರಿಪೂರ್ಣ ಸಂಖ್ಯೆಯೇ!